ಪ್ರಭುತ್ವದ ಮಾತಿನಲ್ಲಿ ಲಾಳಿಗೂ ಜಾಗವಿರಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಮುಂಬಯಿಯ ಕನ್ನಡ ಸಂಘಗಳು ನಡೆಸುವ ವಿಚಾರಗೋಷ್ಠಿಗಳ ವರದಿ ನಿಮ್ಮ ಪತ್ರಿಕೆಯಲ್ಲಿ ಆಗಾಗ ಬರುತ್ತದೆ. ಸಾಹಿತ್ಯ ಮತ್ತು ಪ್ರಭುತ್ವ, ಚರಿತ್ರೆಯಲ್ಲಿ ಜನಸಾಮಾನ್ಯ ಮುಂತಾದ ವಿಷಯಗಳು ದೊಡ್ಡವೇ. ಆದರೆ ವರದಿ ಓದಿ ಮುಗಿಸಿದ ಮೇಲೂ ಯಾರು ಯಾರಿಗೆ ಏನು ಮಾಡಿದರು ಎಂಬುದು ತಿಳಿಯುವುದಿಲ್ಲ. ವ್ಯವಸ್ಥೆ ಶೋಷಿಸಿತು, ವ್ಯಕ್ತಿ ನಲುಗಿದ, ಲೇಖಕ ಪ್ರತಿಭಟಿಸಿದ. ಈ ಮೂರು ಮಾತು ಹನ್ನೆರಡನೆಯ ಶತಮಾನದ ವಚನಕ್ಕೂ ಹೊಂದುತ್ತವೆ, ಹೋದ ವರ್ಷ ಬಂದ ಕಾದಂಬರಿಗೂ ಹೊಂದುತ್ತವೆ. ಅಧಿಕಾರ ಮನುಷ್ಯನ ಮೈಮೇಲೆ ಬರುವುದು ಯಾವುದೋ ಒಂದು ಉಪಕರಣದ, ಒಂದು ಚೀಟಿಯ, ಕಾಯಿದೆಯ ಒಂದು ಕಲಮಿನ ಮೂಲಕ. ಅದನ್ನು ಹೆಸರಿಸದೆ ಮಾಡುವ ಚರ್ಚೆಯಿಂದ ಯಾರಿಗೂ ಪ್ರಯೋಜನವಿಲ್ಲ. ಇದಕ್ಕೆ ಉದಾಹರಣೆ ಹುಡುಕಿಕೊಂಡು ನಾವು ದೂರ ಹೋಗಬೇಕಾಗಿಯೂ ಇಲ್ಲ. ಪರೇಲ್, ಲಾಲ್‌ಬಾಗ್, ವರ್ಲಿಯ ಬಟ್ಟೆ ಗಿರಣಿಗಳ ಚರಿತ್ರೆ ನಾವು ದಿನಾ ಲೋಕಲ್ ರೈಲಿನಲ್ಲಿ ದಾಟುವ ಜಾಗದಲ್ಲೇ ಇದೆ.

ಮೊದಲು ಲಾಳಿಯನ್ನೇ ತೆಗೆದುಕೊಳ್ಳೋಣ. ಹಳೆಯ ಸಾದಾ ಯಂತ್ರಮಗ್ಗದಲ್ಲಿ ಹಾಸಿನ ಎಳೆಗಳ ನಡುವೆ ಲಾಳಿ ಅತ್ತಿಂದಿತ್ತ ಓಡುತ್ತದೆ. ಅದರ ಹೊಟ್ಟೆಯೊಳಗೆ ಕಂಡಿಕೆ, ಕಂಡಿಕೆಗೆ ಸುತ್ತಿದ ಹೊಕ್ಕಿನ ನೂಲು. ನೂಲು ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಆಗ ನೇಕಾರ ಮಗ್ಗ ನಿಲ್ಲಿಸಿ, ತುಂಬಿದ ಕಂಡಿಕೆ ಸಿಕ್ಕಿಸಿ, ಹೊಸ ನೂಲಿನ ತುದಿಯನ್ನು ಲಾಳಿಯ ಪಕ್ಕದಲ್ಲಿರುವ ಸಣ್ಣ ಕಣ್ಣಿನಿಂದ ಹೊರಗೆ ತರಬೇಕು. ಬೇಗ ಆಗಬೇಕೆಂದರೆ ಆ ಕಣ್ಣಿಗೆ ತುಟಿ ಹಚ್ಚಿ ಜೋರಾಗಿ ಉಸಿರೆಳೆಯಬೇಕು. ನೂಲು ಬಾಯಿಗೆ ಬರುತ್ತದೆ, ಅದರೊಡನೆ ಹತ್ತಿಯ ಧೂಳೂ ಗಂಟಲಿಗೆ ಇಳಿಯುತ್ತದೆ. ಸಣ್ಣ ಕೊಕ್ಕೆಯಿಂದ ಎಳೆದರೂ ನಡೆಯುತ್ತದೆ, ಆದರೆ ಹೊತ್ತು ಹಿಡಿಯುತ್ತದೆ. ನೇಕಾರನಿಗೆ ಕೂಲಿ ನೇಯ್ದಷ್ಟಕ್ಕೆ ಮಾತ್ರ. ಮಗ್ಗ ನಿಂತ ಹೊತ್ತಿಗೆ ಕಾಸಿಲ್ಲ. ಸಾಮಾನ್ಯವಾಗಿ ಒಬ್ಬನ ಕೈಯಲ್ಲಿ ಎರಡು ಮಗ್ಗ. ಅವನು ಒಂದು ದಿನ ಬಾರದಿದ್ದರೆ ಬದಲಿಯವನು ಬಂದು ಅದೇ ಲಾಳಿಗೆ ಬಾಯಿ ಇಡುತ್ತಾನೆ.

ಜಾತಿ ಒಳಗೆ ಬಂದದ್ದು ಇಲ್ಲಿಂದ. ಅಸ್ಪೃಶ್ಯರೆನ್ನಿಸಿಕೊಂಡವರು ಬಾಯಿ ಇಟ್ಟ ಲಾಳಿಗೆ ನಾವು ಬಾಯಿ ಇಡುವುದಿಲ್ಲ ಎಂದು ಸವರ್ಣ ನೇಕಾರರು ಹಟ ಹಿಡಿದರು. ಪರಿಣಾಮವಾಗಿ ದಲಿತ ಕಾರ್ಮಿಕರಿಗೆ ಹೆಚ್ಚು ಸಂಬಳವಿದ್ದ ಮಗ್ಗದ ಖಾತೆಯ, ಅಂದರೆ ನೇಯ್ಗೆ ವಿಭಾಗದ, ಬಾಗಿಲು ಮುಚ್ಚಿತು. ಅವರಿಗೆ ಉಳಿದದ್ದು ರಿಂಗ್ ನೂಲುವ ಖಾತೆಯಂಥ, ತೀರ ಕಡಿಮೆ ಸಂಬಳದ ಜಾಗಗಳು. ಗಮನಿಸಬೇಕಾದದ್ದು ಏನೆಂದರೆ, ಯಾವ ಗಿರಣಿಯ ನಿಯಮ ಪುಸ್ತಕದಲ್ಲೂ ಇದನ್ನು ಬರೆದಿಡುವ ಅಗತ್ಯ ಬೀಳಲಿಲ್ಲ. ಮಾಲೀಕ ಆಜ್ಞೆ ಮಾಡಲಿಲ್ಲ, ಸರ್ಕಾರ ಕಾಯಿದೆ ತರಲಿಲ್ಲ. ಪಕ್ಕದ ಮಗ್ಗದವನೇ ಬಾಗಿಲು ಕಾದ. ಬಾಯಿ ಹಚ್ಚದೆ ಕೈಯಿಂದಲೇ ನೂಲು ಪೋಣಿಸುವ ಲಾಳಿಗಳು ಆಗಲೇ ಲೋಕದಲ್ಲಿದ್ದವು. ತರಿಸುವುದು ಖರ್ಚು, ತರಿಸದಿದ್ದರೆ ಮಾಲೀಕನಿಗೆ ನಷ್ಟವಿರಲಿಲ್ಲ.

1928ರ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಮುಂಬಯಿಯ ಗಿರಣಿ ಕಾರ್ಮಿಕರು ಸುಮಾರು ಆರು ತಿಂಗಳು ಮುಷ್ಕರ ಹೂಡಿದರು. ಒಬ್ಬನಿಗೆ ಎರಡರ ಬದಲು ಮೂರು ಮಗ್ಗ ಕೊಡುವ ಮಾಲೀಕರ ಯೋಜನೆಯೂ ಅದಕ್ಕೆ ಒಂದು ಕಾರಣ. ಬೇಡಿಕೆಗಳ ಪಟ್ಟಿ ತಯಾರಾಗುವಾಗ ಡಾ. ಅಂಬೇಡ್ಕರ್ ಕೇಳಿದ್ದು ಇದೇ ಮಗ್ಗದ ಖಾತೆಯ ಪ್ರಶ್ನೆ: ನಮ್ಮವರಿಗೆ ಅಲ್ಲಿ ಕೆಲಸದ ಹಕ್ಕು ಇದೆಯೋ ಇಲ್ಲವೋ? ಕೆಂಬಾವುಟದ ನಾಯಕರು, ಅಂದರೆ ಕಮ್ಯುನಿಸ್ಟರು, ಅರೆಮನಸ್ಸಿನಿಂದ ಅದನ್ನು ಪಟ್ಟಿಗೆ ಸೇರಿಸಿದರು. ‘ಕಾರ್ಮಿಕ ವರ್ಗ’ ಎಂದು ಒಂದೇ ಉಸಿರಿಗೆ ಹೇಳುವ ನಮ್ಮ ಭಾಷಣಕಾರರು ಆ ಅರೆಮನಸ್ಸಿನ ಬಗ್ಗೆ ಅರ್ಧ ಗಂಟೆ ಮಾತಾಡಿದರೆ ಸಾಹಿತ್ಯದ ವಿದ್ಯಾರ್ಥಿಗೆ ಎಷ್ಟೋ ತಿಳಿಯುತ್ತದೆ.

ಎರಡನೆಯದು ಚೀಟಿ. ಗಿರಣಿಗೆ ಜನರನ್ನು ಸೇರಿಸುತ್ತಿದ್ದವನು ಜಾಬರ್, ಅಂದರೆ ಮುಕಾದಮ. ಹೆಂಗಸರ ಖಾತೆಯಲ್ಲಿ ನಾಯಕಿಣ. ಬೆಳಗಿನ ಭೋಂಗಾ (ಗಿರಣಿಯ ಸೈರನ್) ಆಗುವ ಹೊತ್ತಿಗೆ ಬದಲಿ ಕೆಲಸಕ್ಕೆ ಕಾದವರು ಗೇಟಿನಲ್ಲಿ ಸಾಲುಗಟ್ಟುತ್ತಿದ್ದರು. ಅಂದು ಬಾರದವರ ಜಾಗಕ್ಕೆ ಮುಕಾದಮ ತನಗೆ ಬೇಕಾದವರನ್ನು ಆರಿಸುತ್ತಿದ್ದ. ಆರಿಸಿದ್ದಕ್ಕೆ ದಸ್ತೂರಿ, ಅಂದರೆ ಕೈಗಾಣಿಕೆ. ಎಷ್ಟೋ ಕಡೆ ಚಾಳಿನ ಕೋಣೆ ಕೊಡಿಸುವವನೂ ಅವನೇ, ಬಡ್ಡಿಗೆ ಸಾಲ ಕೊಡುವವನೂ ಅವನೇ, ಖಾನಾವಳಿಗೆ, ಕಿರಾಣಿ ಅಂಗಡಿಗೆ ಜಾಮೀನು ನಿಲ್ಲುವವನೂ ಅವನೇ. ಹಾಗಾಗಿ ಅವನೊಡನೆ ಜಗಳವಾದರೆ ಕೆಲಸ, ಕೋಣೆ, ಊಟ ಮೂರೂ ಒಂದೇ ದಿನ ಹೋಗುತ್ತಿದ್ದವು. ಇದನ್ನು ಮುರಿಯಲೆಂದು 1935ರಲ್ಲಿ ಗಿರಣಿ ಮಾಲೀಕರ ಸಂಘ ಬದಲಿ ಕಾರ್ಡಿನ ಪದ್ಧತಿ ತಂದಿತು: ತಿಂಗಳ ಮೊದಲ ದಿನ ಇಂತಿಷ್ಟು ಜನರಿಗೆ ಕಾರ್ಡು, ದಿನಾ ಬೆಳಗ್ಗೆ ಅದನ್ನು ತೋರಿಸಿದವರಿಗೇ ಮೊದಲ ಅವಕಾಶ. ಮುಕಾದಮನ ಹಿಡಿತ ಸಡಿಲವಾಯಿತೇ ಹೊರತು ಬಿಟ್ಟುಹೋಗಲಿಲ್ಲ.

ಕೆಲಸ, ಸೂರು, ಅನ್ನ ಮೂರೂ ಒಂದೇ ಕೈಯಲ್ಲಿರುವುದು ಮುಂಬಯಿ ಕನ್ನಡಿಗರಿಗೆ ಹೊಸದಲ್ಲ. ನಮ್ಮ ಕರಾವಳಿಯವರ ಹೋಟೆಲುಗಳಲ್ಲಿ ಊರಿನಿಂದ ಬಂದ ಹುಡುಗ ಅಲ್ಲೇ ಉಂಡು, ಅಂಗಡಿ ಮುಚ್ಚಿದ ಮೇಲೆ ಅಲ್ಲೇ ಮಲಗುತ್ತಿದ್ದ. ಅವನ ಬಗ್ಗೆ ಬರೆದದ್ದೆಲ್ಲ ಸಾಮಾನ್ಯವಾಗಿ ರಾತ್ರಿ ಶಾಲೆಯಲ್ಲಿ ಕಲಿತು ಮೇಲೆ ಬಂದ ಕತೆ, ಇಲ್ಲವೇ ಧಣಿಗಳ ಔದಾರ್ಯದ ಕತೆ. ಎರಡೂ ಸುಳ್ಳಲ್ಲ. ಆದರೆ ಕೆಲಸ ಬಿಟ್ಟ ರಾತ್ರಿ ಆ ಹುಡುಗ ಎಲ್ಲಿ ಮಲಗಿದ ಎಂದು ನಮ್ಮ ಅಭಿನಂದನ ಗ್ರಂಥಗಳು ಕೇಳುವುದಿಲ್ಲ. 1948ರ ಅಂಗಡಿ ಮುಂಗಟ್ಟು ಕಾಯಿದೆ ಹೋಟೆಲು ನೌಕರರ ಕೆಲಸದ ವೇಳೆ, ವಾರದ ರಜೆಯನ್ನು ಗೊತ್ತುಮಾಡಿತ್ತು. ಕೆಲಸದ ಜಾಗದಲ್ಲೇ ಮಲಗುವವನಿಗೆ ಕೆಲಸ ಮುಗಿಯುವ ಗಂಟೆ ಯಾವುದು ಎಂಬುದನ್ನು ಕಾಯಿದೆಗಿಂತ ಸಣ್ಣಕತೆ ಚೆನ್ನಾಗಿ ಹೇಳಬಲ್ಲದು.

ವೇಳೆಯ ವಿಷಯ ಬಂದದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ಗಿರಣಿಗಳಲ್ಲಿ ಮೊದಲು ಸೂರ್ಯ ಇರುವಷ್ಟು ಹೊತ್ತು ಕೆಲಸ. 1905ರ ಸುಮಾರಿಗೆ ವಿದ್ಯುದ್ದೀಪ ಬಂದಾಗ ದಿನದ ಕೆಲಸ ಹದಿನಾಲ್ಕು ಹದಿನೈದು ಗಂಟೆಗೆ ಏರಿತು. ಬಟ್ಟೆ ಗಿರಣಿಯ ಗಂಡಸರಿಗೆ 12 ಗಂಟೆಯ ಮಿತಿ ಬಂದದ್ದು 1911ರ ಕಾಯಿದೆಯಲ್ಲಿ. ನಾವು ಅನುಭವಿಸುವ ಭಾನುವಾರದ ರಜೆಗೆ ಕಾರ್ಮಿಕ ನಾಯಕ ನಾರಾಯಣ ಮೇಘಾಜಿ ಲೋಖಂಡೆ 1884ರಿಂದ ಕಾರ್ಮಿಕರ ಸಹಿ ಸಂಗ್ರಹಿಸಿ, ಸಭೆ ಸೇರಿಸಿ ದುಡಿದರು. ಮಾಲೀಕರು ಒಪ್ಪಿದ್ದು 1890ರಲ್ಲಿ. ಹೆಂಗಸರದ್ದು ಬೇರೆಯೇ ಲೆಕ್ಕ. 1929ರಲ್ಲಿ ಮುಂಬಯಿ ಪ್ರಾಂತದಲ್ಲಿ ಹೆರಿಗೆ ಸವಲತ್ತಿನ ಕಾಯಿದೆ ಬಂತು, ಖರ್ಚು ಮಾಲೀಕನ ಮೇಲೆ ಬಿತ್ತು. ಆಮೇಲಿನ ದಶಕಗಳಲ್ಲಿ ನೂಲು ಸುತ್ತುವ ರೀಲಿಂಗ್, ವೈಂಡಿಂಗ್ ಖಾತೆಗಳಲ್ಲಿ ಹೆಂಗಸರ ಸಂಖ್ಯೆ ಇಳಿಯುತ್ತಲೇ ಹೋಯಿತು. ಒಳ್ಳೆಯ ಕಾಯಿದೆಯೂ ಖರ್ಚು ಯಾರ ತಲೆಗೆ ಎಂಬುದರ ಮೇಲೆ ತಿರುಗಿಬೀಳುತ್ತದೆ.

ಇನ್ನು ಕಲಮು. 1982ರ ಜನವರಿ 18ರಂದು ಶುರುವಾದ ಗಿರಣಿ ಮುಷ್ಕರವನ್ನು ನಮ್ಮವರು ಅದರ ನಾಯಕ ದತ್ತಾ ಸಾಮಂತರ ಹಟ, ಮಾಲೀಕರ ಹಟ ಎಂದು ಇಬ್ಬರ ಕಾಳಗವಾಗಿ ಹೇಳುತ್ತಾರೆ. ಸುಮಾರು ಎರಡೂವರೆ ಲಕ್ಷ ಜನ ಹೊರಗೆ ಬಂದರೂ ಮಾತುಕತೆಯ ಮೇಜಿಗೆ ಅವರ ನಾಯಕನನ್ನು ಏಕೆ ಕೂರಿಸಲಿಲ್ಲ ಎಂಬುದಕ್ಕೆ ಈ ವಿವರಣೆಯಲ್ಲಿ ಉತ್ತರವಿಲ್ಲ. ಉತ್ತರ ಇರುವುದು 1946ರ ಮುಂಬಯಿ ಔದ್ಯೋಗಿಕ ಸಂಬಂಧಗಳ ಕಾಯಿದೆಯಲ್ಲಿ. ಅದರ ಪ್ರಕಾರ ಒಂದು ಪ್ರದೇಶದ ಒಂದು ಉದ್ಯಮಕ್ಕೆ ಒಂದೇ ಪ್ರಾತಿನಿಧಿಕ ಯೂನಿಯನ್. ಬಟ್ಟೆ ಗಿರಣಿಗಳಲ್ಲಿ ಆ ಸ್ಥಾನ ಕಾಂಗ್ರೆಸ್ ಕಡೆಯ ರಾಷ್ಟ್ರೀಯ ಮಿಲ್ ಮಜ್ದೂರ್ ಸಂಘದ್ದು. ಕಾರ್ಮಿಕರು ಮನಸ್ಸಿನಲ್ಲಿ ಯಾರನ್ನು ಒಪ್ಪಿದ್ದರೂ ಕಾಗದದ ಮೇಲೆ ಅವರ ಪರವಾಗಿ ಸಹಿ ಹಾಕುವ ಹಕ್ಕು ಆ ಸಂಘಕ್ಕೆ. ಆದ್ದರಿಂದಲೇ ಕೂಲಿ, ಬೋನಸ್ಸಿನ ಜೊತೆ ಆ ಕಾಯಿದೆಯನ್ನೇ ತೆಗೆಯಿರಿ ಎಂಬುದೂ ಬೇಡಿಕೆಯಾಯಿತು.

ಈ ಬೇರು ಇನ್ನೂ ಹಿಂದಕ್ಕೆ, 1938ಕ್ಕೆ ಹೋಗುತ್ತದೆ. ಮುಂಬಯಿ ಪ್ರಾಂತದ ಕಾಂಗ್ರೆಸ್ ಮಂತ್ರಿಮಂಡಲ ಮುಷ್ಕರದ ಹಕ್ಕಿಗೆ ಕಡಿವಾಣ ಹಾಕುವ ಔದ್ಯೋಗಿಕ ವಿವಾದಗಳ ಮಸೂದೆ ತಂದಿತು. ಅದನ್ನು ವಿರೋಧಿಸಿ ಆ ವರ್ಷದ ನವೆಂಬರ್ 7ರಂದು ಒಂದು ದಿನದ ಮುಷ್ಕರ ನಡೆಯಿತು. ಕರೆ ಕೊಟ್ಟವರಲ್ಲಿ ಅಂಬೇಡ್ಕರರ ಸ್ವತಂತ್ರ ಕಾರ್ಮಿಕ ಪಕ್ಷವೂ ಇತ್ತು, ಕಮ್ಯುನಿಸ್ಟರೂ ಇದ್ದರು. ಹತ್ತು ವರ್ಷದ ಹಿಂದೆ ಲಾಳಿಯ ಪ್ರಶ್ನೆಯಲ್ಲಿ ಮುಖಾಮುಖಿಯಾದವರು ಕಲಮಿನ ಪ್ರಶ್ನೆಯಲ್ಲಿ ಒಟ್ಟಿಗೆ ನಿಂತರು. ಯಾವ ಕಾದಂಬರಿಕಾರನಾದರೂ ಹಂಬಲಿಸುವಂಥ ವಸ್ತು ಇದು. ಕನ್ನಡದಲ್ಲಿ ಯಾರಾದರೂ ಕೈ ಹಾಕಲಿ.

ಗಿರಣಿಗಳ ಜಮೀನಿನ ಕತೆಯೂ ಇಂಥದ್ದೇ. 1991ರ ಅಭಿವೃದ್ಧಿ ನಿಯಂತ್ರಣ ನಿಯಮಗಳ 58ನೆಯದು ಜಮೀನನ್ನು ಸರಿಸುಮಾರು ಮೂರು ಪಾಲು ಮಾಡಿತ್ತು: ಪಾಲಿಕೆಗೆ ಬಯಲು ಜಾಗಕ್ಕೆ, ರಾಜ್ಯದ ವಸತಿ ಮಂಡಳಿ ಮ್ಹಾಡಾಕ್ಕೆ ಮನೆಗಳಿಗೆ, ಉಳಿದದ್ದು ಮಾಲೀಕನಿಗೆ. 2001ರ ತಿದ್ದುಪಡಿ ಬಂದ ಮೇಲೆ ಪಾಲಾಗುವುದು ಕಟ್ಟಡವಿಲ್ಲದ ಖಾಲಿ ಜಾಗ ಮಾತ್ರ ಎಂದಾಯಿತು. ಗಿರಣಿಯ ಬಹುಪಾಲು ಜಾಗದ ಮೇಲೆ ಕಟ್ಟಡವೇ ಇರುತ್ತದೆ. 2006ರಲ್ಲಿ ಸುಪ್ರೀಂ ಕೋರ್ಟು ತಿದ್ದುಪಡಿಯನ್ನು ಎತ್ತಿಹಿಡಿಯಿತು. ಇಂದು ಲೋವರ್ ಪರೇಲ್‌ನ ಮಾಲ್‌ಗಳನ್ನು ನೋಡಿ ‘ಜಾಗತೀಕರಣ’ ಎಂದು ನಿಟ್ಟುಸಿರಿಡುವ ಕವಿಗಳು ಈ ತಿದ್ದುಪಡಿಯನ್ನು ಒಮ್ಮೆ ಓದಬೇಕು.

ಹಾಗಾದರೆ ಸಾಹಿತ್ಯ ಎಲ್ಲಿ ಬಂತು ಎಂದು ಕೇಳಬಹುದು. ಬಾಬುರಾವ್ ಬಾಗುಲರ 1963ರ ಮರಾಠಿ ಸಂಕಲನ ‘ಜೇವ್ಹಾ ಮೀ ಜಾತ್ ಚೋರಲೀ ಹೋತೀ’ಯ ಶೀರ್ಷಿಕೆ ಕತೆಯಲ್ಲಿ ರೈಲ್ವೆ ನೌಕರಿ ಸಿಕ್ಕ ದಲಿತ ಯುವಕ ಜಾತಿ ಮುಚ್ಚಿಡುತ್ತಾನೆ. ನೌಕರಿ ಸರ್ಕಾರದ್ದು, ಅದನ್ನು ನೆರೆಯವರು ಕಿತ್ತುಕೊಳ್ಳಲಾರರು. ಅವನಿಗೆ ಬೇಕಾದದ್ದು ಬಾಡಿಗೆ ಕೋಣೆ, ಅದು ಮಾತ್ರ ಜಾತಿಯ ಕೈಯಲ್ಲಿದೆ. ಸಂಬಳ ಒಬ್ಬರ ಕೈಯಲ್ಲಿ, ಸೂರು ಇನ್ನೊಬ್ಬರ ಕೈಯಲ್ಲಿ ಎಂಬುದನ್ನು ಬಿಡಿಸಿ ನೋಡಿದರೆ ಕತೆಯ ಬಿಗಿ ಎಲ್ಲಿದೆ ಎಂಬುದು ಸಿಗುತ್ತದೆ. ನಮ್ಮ ಯಶವಂತ ಚಿತ್ತಾಲರ ಕಾದಂಬರಿ ‘ಶಿಕಾರಿ’ (1979) ಬಗ್ಗೆ ಅಸ್ತಿತ್ವವಾದದ ಮಾತು ಬೇಕಾದಷ್ಟಾಗಿದೆ. ನಾಗಪ್ಪನ ಕಂಪನಿಯಲ್ಲಿ ವಿಚಾರಣೆ ಹೇಗೆ ನಡೆಯುತ್ತದೆ, ಆರೋಪ ಏನೆಂದು ಹೇಳದೆಯೇ ಒಬ್ಬ ಅಧಿಕಾರಿಯನ್ನು ಹೇಗೆ ಅಳ್ಳಾಡಿಸಲಾಗುತ್ತದೆ ಎಂದು ಹಂತ ಹಂತವಾಗಿ ಬಿಡಿಸಿದ ಲೇಖನಗಳು ಕಡಿಮೆ. ಅವನಿಗೆ ಯೂನಿಯನ್ ಇಲ್ಲ, ಕಾರ್ಮಿಕ ಕಾಯಿದೆಯ ಆಸರೆಯೂ ಇಲ್ಲ. ದೊಡ್ಡ ಸಂಬಳದವನು ಈ ಒಂದು ವಿಷಯದಲ್ಲಿ ಬದಲಿ ಕಾರ್ಡಿನವನಿಗಿಂತ ನಿರಾಧಾರ.

ಪ್ರಬಂಧ ಬರೆಯುವ ಎಂ.ಎ. ವಿದ್ಯಾರ್ಥಿಗಳಿಗೆ ಕೆಲವು ಕೆಲಸದ ಮಾತು. ಮುಂಬಯಿ ಸರ್ಕಾರದ ಲೇಬರ್ ಆಫೀಸು 1921ರಿಂದ ಪ್ರಕಟಿಸಿದ ‘ಲೇಬರ್ ಗೆಜೆಟ್’ ನೋಡಿ. ‘ಗಿರಣಿ ಕಾರ್ಮಿಕನ ಸರಾಸರಿ ಕೂಲಿ’ ಎಂಬ ಅಂಕಿಯನ್ನು ಎತ್ತಿ ಬರೆಯಬೇಡಿ. ಖಾತೆವಾರು ಅಂಕಿ ನೋಡಿ, ಮಗ್ಗದವನಿಗೂ ರಿಂಗಿನವನಿಗೂ ಇರುವ ಅಂತರವನ್ನು ಸರಾಸರಿ ನುಂಗಿಬಿಡುತ್ತದೆ. ಕಾರ್ಮಿಕರ ಸ್ಥಿತಿಗತಿ ಕುರಿತು 1929ರಲ್ಲಿ ನೇಮಕವಾದ ರಾಯಲ್ ಕಮಿಷನ್ನಿನ ವರದಿಗಿಂತ ಅದರ ಸಾಕ್ಷ್ಯ ಸಂಪುಟಗಳು ಹೆಚ್ಚು ಉಪಯುಕ್ತ: ಮಾಲೀಕ, ಅಧಿಕಾರಿ, ಯೂನಿಯನ್ನಿನವ ಒಂದೇ ಪ್ರಶ್ನೆಗೆ ಕೊಡುವ ಬೇರೆ ಬೇರೆ ಉತ್ತರ ಅಲ್ಲಿದೆ. ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿರುವ ರಾಜ್ಯ ಪತ್ರಾಗಾರ, ಟೌನ್ ಹಾಲಿನ ಏಷ್ಯಾಟಿಕ್ ಸೊಸೈಟಿ ಗ್ರಂಥಾಲಯ, ಇವೆರಡರಿಂದ ಶುರು ಮಾಡಬಹುದು.

ಕಾಗದಕ್ಕಿಂತ ಅವಸರದ್ದು ಜನ. 1970ರ ದಶಕದಲ್ಲಿ ಇಪ್ಪತ್ತರ ಹರೆಯದಲ್ಲಿ ಗಿರಣಿ ಸೇರಿದವರಿಗೆ ಈಗ ಎಪ್ಪತ್ತರ ಆಚೀಚೆ. ಅವರೊಡನೆ ಮಾತಾಡುವಾಗ ‘ಶೋಷಣೆಯ ಅನುಭವ ಹೇಳಿ’ ಎಂದರೆ ಭಾಷಣ ಬರುತ್ತದೆ. ನಿಮ್ಮನ್ನು ಸೇರಿಸಿದ್ದು ಯಾರು, ಅವರಿಗೆ ಏನು ಕೊಟ್ಟಿರಿ, ಎಷ್ಟು ವರ್ಷ ಬದಲಿ, ಯಾವ ಖಾತೆ, ಖಾತೆಯಲ್ಲಿ ಯಾವ ಊರಿನವರು, ಊಟ ಯಾರ ಖಾನಾವಳಿಯಲ್ಲಿ, ಮುಷ್ಕರದ ಕಾಲದಲ್ಲಿ ಕಿರಾಣಿ ಅಂಗಡಿಯವ ಎಷ್ಟು ತಿಂಗಳು ಉದ್ರಿ ಕೊಟ್ಟ ಎಂದು ಕೇಳಿ. ಹೋಟೆಲಿನಲ್ಲಿ ದುಡಿದವರಿಗೂ ಇವೇ ಪ್ರಶ್ನೆ ನಡೆಯುತ್ತವೆ.

ಸಂಘದವರಲ್ಲೂ ಒಂದು ವಿನಂತಿ. ಗೋಷ್ಠಿಯ ಆಮಂತ್ರಣ ಪತ್ರಿಕೆಯಲ್ಲಿ ಉದ್ಘಾಟಕರು, ಅಧ್ಯಕ್ಷರು, ಮುಖ್ಯ ಅತಿಥಿ, ಗೌರವ ಅತಿಥಿ ಎಂದು ಸಾಲು ಹೆಸರು ಇರುತ್ತವೆ. ಅದರಲ್ಲಿ ಎರಡು ಹೆಸರು ಇಳಿಸಿದರೆ ಮಗ್ಗದ ಖಾತೆಯಲ್ಲಿದ್ದ ಒಬ್ಬ ನಿವೃತ್ತರಿಗೆ ಅರ್ಧ ಗಂಟೆ ಸಿಗುತ್ತದೆ.

ಇತಿ,
ಒಬ್ಬ ಓದುಗ
ದಾದರ್, ಮುಂಬಯಿ