ಉತ್ತರ ಯಾರಿಗೆ ಹೇಳಬೇಕು: ಮಗಳಿಗೊಂದು ಪತ್ರ

ಪುಟ್ಟಿ,

"ಇನ್ಮೇಲೆ ಈ ವಿಷಯ ಎಲ್ಲೂ ಮಾತಾಡಲ್ಲಮ್ಮ" ಅಂತ ಹೇಳಿ ಫೋನ್ ಇಟ್ಟುಬಿಟ್ಟೆ. ನನಗೆ ಆಗ ಬಾಯೇ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮನೆಯಲ್ಲಿ ಹೊಡೆತ ತಿನ್ನುವ ಹೆಂಗಸರ ಬಗ್ಗೆ ಸಭೆಯಲ್ಲಿ ನೀನು ಏನು ಹೇಳಿದೆ, ಯಾರು ಹೇಗೆ ಕೂಗಾಡಿದರು, ಅದೆಲ್ಲ ಬೇಡ. ಇಬ್ಬರೂ ಅಲ್ಲೇ ಇದ್ದೆವಲ್ಲ.

ಆದರೆ ವೇದಿಕೆ ಮೇಲಿದ್ದ ನಿನಗೆ ಕಾಣದ್ದು ಒಂದಿದೆ. "ಅಷ್ಟು ಹೊಡೀತಿದ್ರೆ ಅವಳು ಯಾಕೆ ಬಿಟ್ಟು ಬರಲಿಲ್ಲ?" ಅಂತ ಒಬ್ಬರು ಎದ್ದು ಕೇಳಿದರಲ್ಲ, ಆಗ ನನ್ನ ಮುಂದಿನ ಸಾಲಿನಲ್ಲಿ ಒಬ್ಬಳು ಕೂತಿದ್ದಳು. ನಿನಗಿಂತ ಸ್ವಲ್ಪ ದೊಡ್ಡವಳಿರಬೇಕು. ನೀನು ಮಾತಾಡುವಷ್ಟು ಹೊತ್ತೂ ಅಲ್ಲಾಡದೆ ಕೇಳುತ್ತಿದ್ದಳು. ಆ ಪ್ರಶ್ನೆಗೆ ನಾಲ್ಕು ಜನ ನಕ್ಕರು ನೋಡು, ಅವಳು ಬಟ್ಟೆಯ ತೋಳನ್ನು ಮಣಿಕಟ್ಟಿನ ತನಕ ಎಳೆದುಕೊಂಡಳು, ಕಾಲ ಹತ್ತಿರ ಇಟ್ಟಿದ್ದ ಬ್ಯಾಗು ಎತ್ತಿಕೊಂಡಳು, ಯಾರ ಮುಖವನ್ನೂ ನೋಡದೆ ಹೊರಟುಹೋದಳು. ಮನೆಗೆ ಹೊತ್ತಾಗಿತ್ತೋ ಏನೋ, ನನಗೆ ಗೊತ್ತಿಲ್ಲ. ಸುಮ್ನೆ ಏನೇನೋ ಕಲ್ಪಿಸಿಕೊಳ್ತೀಯ ಅಂತ ನೀನು ಅನ್ನಬಹುದು. ಆದರೂ ಆ ಹುಡುಗಿ ಮನಸ್ಸಿನಿಂದ ಹೋಗುತ್ತಿಲ್ಲ. ನಿನ್ನ ಉತ್ತರ ಅವಳಿಗೆ ಕೇಳಿಸಲೇ ಇಲ್ಲ ಪುಟ್ಟಿ. ಪ್ರಶ್ನೆ ಕೇಳಿಸಿತು, ನಗು ಕೇಳಿಸಿತು, ಅಷ್ಟೇ. ಅವಳು ಯಾರಿಗಾದರೂ ಬಾಯಿಬಿಡೋಣ ಅಂತ ಅಂದುಕೊಂಡು ಬಂದಿದ್ದರೆ? ಹೇಳಿಕೊಂಡರೆ ಜನ ಹೀಗೇ ಕೇಳ್ತಾರೆ ಅಂತ ಅಲ್ಲೇ ತಿಳಿದುಬಿಟ್ಟಿತಲ್ಲ.

ಹಾಗಾಗಿ ವಾದ ಗೆಲ್ಲೋದನ್ನು ಬಿಡು. ಆ ಮನುಷ್ಯರನ್ನು ಒಪ್ಪಿಸುವುದಕ್ಕೆ ನೀನು ಅರ್ಧ ಗಂಟೆ ಕಳೆದೆ, ಅವರು ಒಪ್ಪುವುದಕ್ಕೆ ಬಂದವರೇ ಅಲ್ಲ. ಬಿಟ್ಟು ಹೊರಡುವ ಹೊತ್ತಲ್ಲೇ, ಹೊರಟ ಮೇಲಿನ ಮೊದಲ ದಿನಗಳಲ್ಲೇ ಜೀವಕ್ಕೆ ಅಪಾಯ ಜಾಸ್ತಿ, ಅದಕ್ಕೇ ಹೆಂಗಸರು ಹೆದರುತ್ತಾರೆ ಅಂತ ನೀನು ಕೊನೆಯಲ್ಲಿ ಹೇಳಿದೆಯಲ್ಲ, ಅದನ್ನು ಮೊದಲೇ ಹೇಳು, ಹಿಂದಿನ ಸಾಲಿಗೂ ಕೇಳುವ ಹಾಗೆ. ಕೈಯಲ್ಲಿ ದುಡ್ಡಿಲ್ಲ, ಮಕ್ಕಳಿದ್ದಾರೆ, ಹೋಗುವುದಕ್ಕೆ ಜಾಗ ಇಲ್ಲ, ಇದನ್ನೂ ಹೇಳು. ಒಂದೇ ಕೈಯಲ್ಲಿ ಚಪ್ಪಾಳೆ ಆಗಲ್ಲ ಅಂತ ಒಬ್ಬರು ಅಂದರು. ಕೆನ್ನೆಗೆ ಹೊಡೆಯುವುದಕ್ಕೆ ಒಂದೇ ಕೈ ಸಾಕು.

ಗಂಡಸರಿಗೂ ಹೊಡೆತ ಬೀಳುತ್ತೆ ಅಂದ ಹುಡುಗನ ಮೇಲೆ ಮಾತ್ರ ಸಿಡುಕಬೇಡ. ಬೀಳುತ್ತೆ, ಅದು ನಿಜ, ನಾಚಿಕೆಗೆ ಹೇಳಿಕೊಳ್ಳದವರು ಅವರಲ್ಲೂ ಇದ್ದಾರೆ. ಅವನೇ ಪೆಟ್ಟು ತಿಂದವನಾಗಿದ್ದರೆ? ಮೊದಲು ಅವನ ಮಾತು ಕೇಳು. ಆಮೇಲೆ ಲೆಕ್ಕ ಹೇಳು. ಪ್ರಪಂಚದಲ್ಲಿ ಕೊಲೆಯಾಗುವವರಲ್ಲಿ ಗಂಡಸರೇ ಜಾಸ್ತಿ, ನೂರಕ್ಕೆ 80ರಷ್ಟು. ಆದರೆ ವಿಶ್ವಸಂಸ್ಥೆಯ 2023ರ ಅಂದಾಜು ನೋಡು: ಕೊಲೆಯಾದ ಹೆಂಗಸರಲ್ಲಿ ನೂರಕ್ಕೆ ಸುಮಾರು 60 ಜನರನ್ನು ಕೊಂದದ್ದು ಗಂಡ, ಸಂಗಾತಿ ಅಥವಾ ಮನೆಯವರೇ. ಗಂಡಸರಲ್ಲಿ ಅದು ನೂರಕ್ಕೆ 12ರಷ್ಟು. ಗಂಡಸಿಗೆ ಹೊರಗೆ ಅಪಾಯ, ಹೆಂಗಸಿಗೆ ಮನೆಯೊಳಗೇ. ಇಷ್ಟು ಹೇಳಿದರೆ ಯಾರ ನೋವನ್ನೂ ಸಣ್ಣದು ಮಾಡಿದ ಹಾಗಾಗಲ್ಲ, ಅಲ್ವಾ?

ಉಪದೇಶ ಆಯಿತು, ಕ್ಷಮಿಸು. ಅಷ್ಟು ಜನರ ಮುಂದೆ ದನಿ ನಡುಗಿದರೂ ನೀನು ಮಾತು ನಿಲ್ಲಿಸಲಿಲ್ಲ. ಇವಳು ನನ್ನ ಮಗಳು ಅಂತ ಪಕ್ಕದಲ್ಲಿ ಕೂತವರಿಗೆಲ್ಲ ಹೇಳಬೇಕು ಅನ್ನಿಸಿತ್ತು.

ಅದೇ ಹೊತ್ತಿಗೆ ಹೆದರಿಕೆಯೂ ಇದೆ. ರಾತ್ರಿ ಬಂದವಲ್ಲ ಆ ಮೆಸೇಜುಗಳು, ಅವನ್ನು ಅಳಿಸಬೇಡ. ತಾರೀಖು, ಹೆಸರು ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದು ನನಗೂ ಒಂದು ಕಳಿಸು. ಅಂಥವರಿಗೆ ಉತ್ತರ ಕೊಡಬೇಡ. ಮನೆ ವಿಳಾಸ ಗೊತ್ತು ಅಂತ ಯಾರಾದರೂ ಬರೆದರೆ ಅದೇ ದಿನ ದೂರು ಕೊಡೋಣ, ನಾನೂ ಜೊತೆಗೆ ಬರುತ್ತೇನೆ.

ಮುಂದಿನ ತಿಂಗಳು ಮತ್ತೆ ಕರೆದಿದ್ದಾರೆ ಅಂದೆಯಲ್ಲ, ಹೋಗೋದು ಬಿಡೋದು ನಿನಗೆ ಬಿಟ್ಟದ್ದು. ಹೋಗುವುದಾದರೆ, ಮಾತು ಮುಗಿದ ಮೇಲೆ ಯಾರಾದರೂ ಬಂದು ಗುಟ್ಟಾಗಿ ಮಾತಾಡುವುದಕ್ಕೆ ಒಂದು ಬೇರೆ ಕೋಣೆ ಕೊಡಿ ಅಂತ ಅವರನ್ನು ಮೊದಲೇ ಕೇಳು. ಬಾಗಿಲಲ್ಲಿ ನಾನು ಕೂತಿರುತ್ತೇನೆ.

ಅಮ್ಮ