ಮೊಬೈಲಿಗೆ ಐಪಿ ವಿಳಾಸ ಕೊಡುವ ಕೆಲಸ ರೂಟರಿಗೇ ಇರಲಿ

ಸಂಪಾದಕರಿಗೆ,

ಮಾನ್ಯರೇ,

ಮೊಬೈಲಿನಲ್ಲಿ ಇಂಟರ್ನೆಟ್ ನಿಧಾನವಾದರೆ ವೈಫೈ ಸೆಟ್ಟಿಂಗ್ಸ್‌ಗೆ ಹೋಗಿ ಐಪಿ ವಿಳಾಸವನ್ನು ‘ಡಿಎಚ್‌ಸಿಪಿ’ಯಿಂದ ‘ಸ್ಟ್ಯಾಟಿಕ್’ಗೆ ಬದಲಿಸಿಕೊಳ್ಳಿ ಎಂಬ ಸಲಹೆ ಬಾಯಿಂದ ಬಾಯಿಗೆ ಹರಡುತ್ತಲೇ ಇದೆ. ಐಪಿ ವಿಳಾಸವೆಂದರೆ ನೆಟ್‌ವರ್ಕಿನಲ್ಲಿ ಒಂದೊಂದು ಸಾಧನವನ್ನೂ ಗುರುತಿಸುವ ಸಂಖ್ಯೆ. ವೈಫೈ ಹಂಚುವ ರೂಟರ್ ಅದನ್ನು ತಾನಾಗಿಯೇ ಕೊಡುವ ವ್ಯವಸ್ಥೆ ಡಿಎಚ್‌ಸಿಪಿ; ನಾವೇ ಕೈಯಾರೆ ತುಂಬಿ ಸ್ಥಿರವಾಗಿಡುವುದು ಸ್ಟ್ಯಾಟಿಕ್. ಸಣ್ಣ ಕಚೇರಿಯೊಂದರ ನೆಟ್‌ವರ್ಕ್ ನೋಡಿಕೊಳ್ಳುವ ನಾನು ಈ ಸಲಹೆಯಿಂದಾಗುವ ತೊಂದರೆಯನ್ನು ಹತ್ತಿರದಿಂದ ಕಂಡಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಫೋನು ವೈಫೈಗೆ ಸೇರಿದೊಡನೆ ತನಗೊಂದು ವಿಳಾಸ ಬೇಕೆಂದು ಇಡೀ ನೆಟ್‌ವರ್ಕಿಗೆ ಕೇಳುವಂತೆ ಸಾರುತ್ತದೆ. ರೂಟರ್ ಖಾಲಿ ಇರುವ ಒಂದು ವಿಳಾಸವನ್ನು ಸೂಚಿಸುತ್ತದೆ. ಫೋನು ಅದನ್ನೇ ಕೋರುತ್ತದೆ. ಇಂತಿಷ್ಟು ಅವಧಿಗೆ ಅದು ನಿನ್ನದು ಎಂದು ರೂಟರ್ ಒಪ್ಪಿಗೆ ಕೊಡುತ್ತದೆ. 1993ರಲ್ಲಿ ಮೊದಲು ಪ್ರಕಟವಾಗಿ 1997ರಲ್ಲಿ ಪರಿಷ್ಕೃತಗೊಂಡ ಡಿಎಚ್‌ಸಿಪಿ ನಿಯಮಾವಳಿಯ ತಿರುಳು ಈ ನಾಲ್ಕು ಸಂದೇಶಗಳೇ. ಲೀಸ್ ಎಂದು ಕರೆಯುವ ಆ ಅವಧಿಯ ಅರ್ಧ ಕಳೆದಾಗ ಫೋನು ತಾನಾಗಿಯೇ ನವೀಕರಣ ಕೇಳುತ್ತದೆ. ಅದರ ನಡುವೆ ನಾವು ವಿಡಿಯೊ ನೋಡಲಿ, ಕಡತ ಕಳುಹಿಸಲಿ, ಡಿಎಚ್‌ಸಿಪಿಗೆ ಅಲ್ಲಿ ಯಾವ ಪಾತ್ರವೂ ಇಲ್ಲದಿರುವುದರಿಂದ, ಅದನ್ನು ತೆಗೆದುಹಾಕಿದ ಮಾತ್ರಕ್ಕೆ ವೇಗ ಹೆಚ್ಚುವುದಿಲ್ಲ.

ಬದಲಿಸಿದ ಮೇಲೆ ಸುಧಾರಿಸಿತು ಎನ್ನುವವರ ಅನುಭವವನ್ನು ನಾನು ಅಲ್ಲಗಳೆಯುವುದಿಲ್ಲ. ಸ್ಟ್ಯಾಟಿಕ್ ಆರಿಸಿದಾಗ, ಜಾಲತಾಣದ ಹೆಸರಿಗೆ ತಕ್ಕ ಐಪಿ ವಿಳಾಸವನ್ನು ಹುಡುಕಿಕೊಡುವ ಡಿಎನ್‌ಎಸ್ ಸರ್ವರಿನ ವಿಳಾಸವನ್ನೂ ತುಂಬಬೇಕಾಗುತ್ತದೆ. ಹಳೆಯ ಡಿಎನ್‌ಎಸ್ ಸರ್ವರ್ ಮಂದವಾಗಿದ್ದರೆ ಹೊಸದರಿಂದ ಪುಟಗಳು ಬೇಗ ತೆರೆದುಕೊಳ್ಳಬಹುದು. ಆದರೆ ಅಷ್ಟಕ್ಕಾಗಿ ಐಪಿ ವಿಳಾಸವನ್ನು ಮುಟ್ಟಬೇಕಿಲ್ಲ. 2018ರಲ್ಲಿ ಬಂದ ಆಂಡ್ರಾಯ್ಡ್ 9ರಿಂದೀಚೆಗೆ ‘ಪ್ರೈವೇಟ್ ಡಿಎನ್‌ಎಸ್’ ಎಂಬ ಪ್ರತ್ಯೇಕ ಸೆಟ್ಟಿಂಗ್ ಇದೆ. ಐಫೋನಿನಲ್ಲಿಯೂ ಐಪಿಯನ್ನು ಸ್ವಯಂಚಾಲಿತವಾಗಿಯೇ ಬಿಟ್ಟು ಡಿಎನ್‌ಎಸ್ ಮಾತ್ರ ಬದಲಿಸಬಹುದು.

ನಮ್ಮ ಕಚೇರಿಯ ಪ್ರಿಂಟರ್ ಕೆಲವು ದಿನ ಮಧ್ಯಾಹ್ನದ ಹೊತ್ತಿಗೆ ಕೈಕೊಡುತ್ತಿತ್ತು. ಕೇಬಲ್ ಬದಲಿಸಿ, ಡ್ರೈವರ್ ಮತ್ತೆ ಹಾಕಿ, ಎರಡು ದಿನ ಕಳೆದ ಮೇಲೆ ತಿಳಿದದ್ದು, ಮಧ್ಯಾಹ್ನದ ಪಾಳಿಗೆ ಬರುವ ಸಹೋದ್ಯೋಗಿಯೊಬ್ಬರ ಫೋನಿನಲ್ಲಿ 192.168.1.20 ಎಂಬ ಪ್ರಿಂಟರಿನದೇ ವಿಳಾಸವನ್ನು ಕೈಯಾರೆ ತುಂಬಲಾಗಿತ್ತು ಎಂಬುದು. ಒಂದೇ ವಿಳಾಸಕ್ಕೆ ಇಬ್ಬರು ಓಗೊಟ್ಟಾಗ ಮುದ್ರಣದ ಮಾಹಿತಿ ಒಮ್ಮೆ ಪ್ರಿಂಟರಿಗೆ, ಒಮ್ಮೆ ಫೋನಿಗೆ ಹೋಗುತ್ತಿತ್ತು. ಅವರ ತಪ್ಪೇನೂ ಇರಲಿಲ್ಲ. ಯಾರೋ ಹೇಳಿದ್ದನ್ನು ನಂಬಿದ್ದರು.

ಪ್ರಿಂಟರ್, ಕ್ಯಾಮೆರಾಗಳು ಇದ್ದಲ್ಲೇ ಇರುವುದರಿಂದ ಅವುಗಳಿಗೆ ಸ್ಥಿರ ವಿಳಾಸ ಸಲ್ಲುತ್ತದೆ. ಫೋನು ಹಾಗಲ್ಲ. ಸ್ಟ್ಯಾಟಿಕ್ ಸೆಟ್ಟಿಂಗ್ ಫೋನಿನಲ್ಲಿ ಉಳಿಯುವುದು ಆಯಾ ವೈಫೈ ಹೆಸರಿನೊಂದಿಗೆ. ಹೀಗಾಗಿ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಇರುವ ಎರಡು ಶಾಖೆಗಳ ವಿಳಾಸಶ್ರೇಣಿ ಬೇರೆಯಾಗಿದ್ದರೆ, ಒಂದರಲ್ಲಿ ಚೆನ್ನಾಗಿ ನಡೆದ ಫೋನು ಇನ್ನೊಂದರಲ್ಲಿ ವೈಫೈ ಚಿಹ್ನೆ ತೋರಿಸುತ್ತಲೇ ಇಂಟರ್ನೆಟ್ ಇಲ್ಲದೆ ನಿಂತುಬಿಡುತ್ತದೆ.

ನೆಟ್‌ವರ್ಕ್ ನೋಡಿಕೊಳ್ಳುವವರ ಹೊಣೆಯೂ ಇಲ್ಲಿದೆ. ಸಾಮಾನ್ಯ ರೂಟರಿನ ಒಂದು ಶ್ರೇಣಿಯಲ್ಲಿ ಬಳಕೆಗೆ ಸಿಗುವುದು 254 ವಿಳಾಸ. ಬಂದು ಹೋಗುವವರು ಹೆಚ್ಚಿರುವ ಕಡೆ ಲೀಸ್ ಅವಧಿ 24 ಗಂಟೆ ಇದ್ದರೆ, ಜನ ಹೊರಟುಹೋದರೂ ಅವರ ಫೋನುಗಳ ಹೆಸರಿನಲ್ಲಿ ವಿಳಾಸಗಳು ಕಟ್ಟಿಬಿದ್ದಿರುತ್ತವೆ. ಹೊಸಬರ ಪರದೆಯ ಮೇಲೆ ಐಪಿ ವಿಳಾಸ ಪಡೆಯಲಾಗುತ್ತಿದೆ ಎಂಬ ಸಾಲು ಸುಮ್ಮನೆ ನಿಂತಿರುತ್ತದೆ. ಸ್ಟ್ಯಾಟಿಕ್ ಆಸೆ ಹುಟ್ಟುವುದು ಅಲ್ಲಿಯೇ. ಲೀಸನ್ನು ಒಂದೆರಡು ಗಂಟೆಗೆ ಇಳಿಸಿದರೆ ಅಥವಾ ಶ್ರೇಣಿಯನ್ನು ಹಿಗ್ಗಿಸಿದರೆ ಈ ಕೊರತೆ ನೀಗುತ್ತದೆ. ಪ್ರಿಂಟರಿನಂಥವುಗಳ ವಿಳಾಸಗಳನ್ನು ಡಿಎಚ್‌ಸಿಪಿ ಹಂಚುವ ಶ್ರೇಣಿಯ ಹೊರಗಿಡುವುದೂ ಅಷ್ಟೇ ಮುಖ್ಯ.

ಯಾವುದೋ ಕಾರಣಕ್ಕೆ ಫೋನಿಗೆ ಪ್ರತಿಸಲವೂ ಅದೇ ವಿಳಾಸ ಬೇಕಿದ್ದರೆ ರೂಟರಿನಲ್ಲಿಯೇ ಅದನ್ನು ಕಾದಿರಿಸಬಹುದು. ಫೋನು ವೈಫೈಗೆ ತೋರಿಸುವ ಗುರುತಿನ ಸಂಖ್ಯೆಯಾದ ಮ್ಯಾಕ್ ವಿಳಾಸ ನೋಡಿ ರೂಟರ್ ಅದೇ ಐಪಿಯನ್ನು ಕೊಡುತ್ತದೆ. ಆಂಡ್ರಾಯ್ಡ್ 10 ಮತ್ತು ಐಓಎಸ್ 14ರಿಂದ ಫೋನುಗಳು ಗೋಪ್ಯತೆಗಾಗಿ ಪ್ರತಿ ನೆಟ್‌ವರ್ಕಿಗೂ ಬೇರೆ ಮ್ಯಾಕ್ ವಿಳಾಸ ತೋರಿಸುವುದು ರೂಢಿಯಾಗಿರುವುದರಿಂದ, ಕಾದಿರಿಸುವಾಗ ಪೆಟ್ಟಿಗೆಯ ಮೇಲೆ ಅಚ್ಚಾದ ಸಂಖ್ಯೆಯ ಬದಲು ಆ ವೈಫೈಗೆ ಫೋನು ತೋರಿಸುತ್ತಿರುವ ಸಂಖ್ಯೆಯನ್ನೇ ಬರೆದುಕೊಳ್ಳಬೇಕು.

ಈಗಾಗಲೇ ಸ್ಟ್ಯಾಟಿಕ್‌ಗೆ ಬದಲಿಸಿಕೊಂಡಿರುವ ಓದುಗರು ದಯವಿಟ್ಟು ಅದೇ ಸೆಟ್ಟಿಂಗ್ಸ್‌ಗೆ ಹೋಗಿ ಮತ್ತೆ ಡಿಎಚ್‌ಸಿಪಿ ಆರಿಸಿಕೊಳ್ಳಬೇಕೆಂದು ಕೋರುತ್ತೇನೆ.

ಇಂತಿ,
ಒಬ್ಬ ಓದುಗ