ಪ್ರಶಸ್ತಿಯ ಸುದ್ದಿಯಲ್ಲಿ ಬಿಟ್ಟುಹೋಗುವವರು

ಮಾನ್ಯ ಸಂಪಾದಕರೇ,

ನಾನು ನಿವೃತ್ತ ಗ್ರಂಥಪಾಲಕ. ಕೆಲಸ ಬಿಟ್ಟು ವರ್ಷಗಳಾದರೂ ಬೆಳಿಗ್ಗೆ ಒಂದು ಸುತ್ತು ನಮ್ಮೂರಿನ ಲೈಬ್ರರಿಗೆ ಹೋಗದಿದ್ದರೆ ಸಮಾಧಾನ ಇಲ್ಲ. 2025ರ ಮೇ ತಿಂಗಳಲ್ಲಿ ಅಲ್ಲಿಗೆ ಡಿಗ್ರಿ ಓದುವ ಒಬ್ಬ ಹುಡುಗಿ ಬಂದಳು. ಕೈಯಲ್ಲಿ ಪೇಪರ್‌ನಿಂದ ಕತ್ತರಿಸಿದ ಚೂರು, ಎರಡು ಬೆರಳಗಲ ಇರಬಹುದು. ಪರ್ಸಿವಲ್ ಎವರೆಟ್ ಎಂಬ ಅಮೆರಿಕದ ಲೇಖಕರ 'ಜೇಮ್ಸ್' ಕಾದಂಬರಿಗೆ ಪುಲಿಟ್ಜರ್ ಬಂದಿದೆ, ಬಹುಮಾನದ ಮೊತ್ತ 15,000 ಡಾಲರ್. ಸುದ್ದಿ ಅಷ್ಟೇ. "ಸರ್, ಇವರು ಯಾರು? ಕಥೆ ಏನು? ಇದರಲ್ಲಿ ಏನೂ ಬರೆದಿಲ್ಲವಲ್ಲ" ಎಂದಳು.

ಅವಳ ಪ್ರಶ್ನೆ ನನ್ನದೂ ಹೌದು. ಅಮೆರಿಕದವರಿಗೆ ದೊಡ್ಡ ಪ್ರಶಸ್ತಿ ಬಂದಾಗ ನಮ್ಮ ಪತ್ರಿಕೆಗಳಲ್ಲಿ ಹೆಸರು ಬರುತ್ತದೆ, ದುಡ್ಡು ಬರುತ್ತದೆ, ಫೋಟೊ ಬರುತ್ತದೆ. ಪುಸ್ತಕ ಬರುವುದಿಲ್ಲ. ಆ ಪುಸ್ತಕಕ್ಕಾಗಿ ಹಟ ಹಿಡಿದು ನಿಂತವರಂತೂ ಬರುವುದೇ ಇಲ್ಲ. ಓದಿದವರಿಗೆ "ಅಮೆರಿಕ ತಾನೇ, ಅವರಿಗೆ ಬರದೆ ಇನ್ನಾರಿಗೆ ಬರುತ್ತೆ" ಎಂದು ಅನ್ನಿಸಿ ಪುಟ ತಿರುಗುತ್ತದೆ.

ಎವರೆಟ್ ಅವರ ಮೊದಲ ಕಾದಂಬರಿ ಬಂದದ್ದು 1983ರಲ್ಲಿ. ಪುಲಿಟ್ಜರ್ ಬರುವ ಹೊತ್ತಿಗೆ ನಲವತ್ತು ವರ್ಷ ದಾಟಿತ್ತು. ಆ ನಡುವೆ ಅವರ ಪುಸ್ತಕಗಳನ್ನು ಒಂದರ ಹಿಂದೊಂದು ತಂದದ್ದು ಮಿನಿಯಾಪೊಲಿಸ್‌ನ ಗ್ರೇವುಲ್ಫ್ ಎಂಬ ಲಾಭಕ್ಕಾಗಿ ನಡೆಸದ ಪುಟ್ಟ ಪ್ರಕಾಶನ. 'ಜೇಮ್ಸ್' ಬಂದದ್ದು ದೊಡ್ಡ ಪ್ರಕಾಶಕರಿಂದ, ನಿಜ. ಆದರೆ ಅಲ್ಲಿಯವರೆಗೆ ಕೈ ಹಿಡಿದು ನಡೆಸಿದವರು ಸಣ್ಣವರು. ಆಯ್ಕೆಯೂ ಸಲೀಸಾಗಿ ಆಗಲಿಲ್ಲ. ತೀರ್ಪುಗಾರರು ಮುಂದಿಟ್ಟ ಮೂರು ಪುಸ್ತಕಗಳಲ್ಲಿ ಯಾವುದಕ್ಕೂ ಪುಲಿಟ್ಜರ್ ಮಂಡಳಿಯಲ್ಲಿ ಬಹುಮತ ಸಿಗಲಿಲ್ಲ. ಆಮೇಲೆ ನಾಲ್ಕನೆಯದಾಗಿ ಬಂದದ್ದು 'ಜೇಮ್ಸ್'. 2012ರಲ್ಲಿ ಹೀಗೇ ಮೂರಕ್ಕೂ ಬಹುಮತ ಸಿಗದೆ ಆ ವರ್ಷ ಕಾದಂಬರಿಗೆ ಪ್ರಶಸ್ತಿಯನ್ನೇ ಕೊಡಲಿಲ್ಲ.

ಹಟ ಹಿಡಿದವರು ಎಂದೆನಲ್ಲ, ಆ ಮಾತಿಗೆ ನನಗೆ ಮೊದಲು ನೆನಪಾಗುವುದು ನ್ಯೂ ಆರ್ಲಿಯನ್ಸ್‌ನ ಒಬ್ಬ ತಾಯಿ. ಮಗ ಜಾನ್ ಕೆನಡಿ ಟೂಲ್ ಸೈನ್ಯದಲ್ಲಿದ್ದಾಗ ಪೋರ್ಟೊರಿಕೊದಲ್ಲಿ ಕೂತು ಒಂದು ನಗೆ ಕಾದಂಬರಿ ಬರೆದ. ನ್ಯೂಯಾರ್ಕಿನ ದೊಡ್ಡ ಪ್ರಕಾಶನದ ಸಂಪಾದಕರ ಜೊತೆ ಎರಡು ವರ್ಷ ಪತ್ರ ವ್ಯವಹಾರ ನಡೆಯಿತು. ತಿದ್ದಿದ, ಕಳಿಸಿದ, ಮತ್ತೆ ತಿದ್ದಿದ. ಪುಸ್ತಕ ಆಗಲಿಲ್ಲ. 1969ರಲ್ಲಿ, 31ನೇ ವಯಸ್ಸಿಗೆ, ತಾನೇ ಪ್ರಾಣ ಕಳೆದುಕೊಂಡ. ಹಸ್ತಪ್ರತಿ ಮನೆಯಲ್ಲಿ ಉಳಿಯಿತು. ತಾಯಿ ಥೆಲ್ಮಾ ಅದನ್ನು ಒಬ್ಬರಾದ ಮೇಲೆ ಒಬ್ಬ ಪ್ರಕಾಶಕರಿಗೆ ಕಳಿಸುತ್ತಾ ಹೋದರು. ಒಬ್ಬೊಬ್ಬರೂ ವಾಪಸ್ ಕಳಿಸಿದರು. ಕೊನೆಗೆ 1976ರಲ್ಲಿ ಅದೇ ಊರಿನಲ್ಲಿ ಪಾಠ ಮಾಡುತ್ತಿದ್ದ ಕಾದಂಬರಿಕಾರ ವಾಕರ್ ಪರ್ಸಿ ಅವರ ಬೆನ್ನು ಬಿದ್ದರು. ಪರ್ಸಿ ತಪ್ಪಿಸಿಕೊಳ್ಳಲು ನೋಡಿದರಂತೆ, ಆಗಲಿಲ್ಲ. ಅವರ ಕೈಗೆ ಸಿಕ್ಕಿದ್ದು ಮಸಿ ಮೆತ್ತಿಕೊಂಡು ಓದಲೂ ಬಾರದಂತಾದ ಕಾರ್ಬನ್ ಪ್ರತಿ. ಟೈಪ್‌ರೈಟರ್ ಕಾಲದಲ್ಲಿ ಕೆಲಸ ಮಾಡಿದ ನನ್ನಂಥವರಿಗೆ ಗೊತ್ತು, ಮೂರನೇ ಕಾರ್ಬನ್ ಪ್ರತಿ ಹೇಗಿರುತ್ತದೆ ಎಂದು. ಅಕ್ಷರದ ಹೊಟ್ಟೆ ತುಂಬಿರುತ್ತದೆ, ಬೆರಳಿಟ್ಟರೆ ಬೆರಳೂ ಕಪ್ಪು. ನಾಲ್ಕು ಪುಟ ನೋಡಿ ಕೈಬಿಡಬಹುದು ಎಂದುಕೊಂಡ ಪರ್ಸಿ ಪೂರ್ತಿ ಓದಿದರು. 1980ರಲ್ಲಿ ಲೂಸಿಯಾನಾದ ವಿಶ್ವವಿದ್ಯಾಲಯವೊಂದರ ಪ್ರಕಾಶನ ಅದನ್ನು ಅಚ್ಚು ಹಾಕಿತು. ಮರುವರ್ಷ ಪುಲಿಟ್ಜರ್ ಬಂತು. ಮಗ ಸತ್ತು ಆಗಲೇ 12 ವರ್ಷ. 'ಮರಣೋತ್ತರ' ಎಂಬ ಒಂದು ಪದದಲ್ಲಿ ಈ ಸುದ್ದಿ ಮುಗಿಸಿಬಿಟ್ಟರೆ ಆ ತಾಯಿ ಎಲ್ಲಿ ಹೋದರು?

ಟೋನಿ ಮಾರಿಸನ್ ಅವರ ವಿಷಯವೂ ಹೀಗೇ. 1987ರಲ್ಲಿ ಅವರ 'ಬಿಲವೆಡ್' ಬಂತು. ಗುಲಾಮಗಿರಿಗೆ ಮತ್ತೆ ಸಿಗಬಾರದು ಎಂದು ತನ್ನ ಕೂಸನ್ನು ತಾನೇ ಕೊಂದ ತಾಯಿಯ ಕಥೆ. ಆ ವರ್ಷದ ನ್ಯಾಷನಲ್ ಬುಕ್ ಅವಾರ್ಡ್ ಅದಕ್ಕೆ ಸಿಗಲಿಲ್ಲ. ಆಗ 48 ಜನ ಕಪ್ಪು ಲೇಖಕರು, ವಿಮರ್ಶಕರು ಸೇರಿ ಒಂದು ಹೇಳಿಕೆಗೆ ಸಹಿ ಹಾಕಿದರು. 1988ರ ಜನವರಿಯಲ್ಲಿ ಅದು ನ್ಯೂಯಾರ್ಕ್ ಟೈಮ್ಸ್‌ನ ಪುಸ್ತಕ ಪುರವಣಿಯಲ್ಲಿ ಬಂತು. ಇಷ್ಟು ದೊಡ್ಡ ಲೇಖಕಿಗೆ ಈವರೆಗೂ ನ್ಯಾಷನಲ್ ಬುಕ್ ಅವಾರ್ಡ್ ಇಲ್ಲ, ಪುಲಿಟ್ಜರ್ ಇಲ್ಲ ಎಂದು ನೇರವಾಗಿ ಕೇಳಿದ್ದರು. ಸ್ವಲ್ಪ ದಿನದ ಹಿಂದೆ ತೀರಿಕೊಂಡಿದ್ದ ಜೇಮ್ಸ್ ಬಾಲ್ಡ್ವಿನ್ ಅವರಿಗೂ ಇವೆರಡೂ ಸಿಗಲೇ ಇಲ್ಲ ಎಂಬ ನೋವು ಅದರ ಜೊತೆಗಿತ್ತು. ಎರಡು ತಿಂಗಳಾದ ಮೇಲೆ 'ಬಿಲವೆಡ್'ಗೆ ಪುಲಿಟ್ಜರ್ ಬಂತು. ಒತ್ತಡ ಹಾಕಿ ತೆಗೆದುಕೊಂಡರು ಎಂದು ಆಡಿಕೊಂಡವರೂ ಇದ್ದರು. ನನಗೆ ಹಾಗನ್ನಿಸುವುದಿಲ್ಲ. ಆ ಪುಸ್ತಕ ಓದಿದ ಮೇಲೆ ಸುಮ್ನೆ ಕೂರುವುದೇ ಕಷ್ಟ. ಐದು ವರ್ಷದ ನಂತರ, 1993ರಲ್ಲಿ, ನೊಬೆಲ್ ಅವರನ್ನು ಹುಡುಕಿಕೊಂಡು ಬಂತು.

ಬುಕರ್ ಬಗ್ಗೆಯೂ ಒಂದು ಮಾತು. 2014ರಿಂದ ಅದು ಅಮೆರಿಕದವರಿಗೂ ತೆರೆಯಿತು. ಇನ್ನು ಮುಂದೆ ಎಲ್ಲ ಅವರೇ ಬಾಚಿಕೊಳ್ಳುತ್ತಾರೆ ಎಂದು ಬ್ರಿಟನ್ನಿನಲ್ಲಿ ಗಲಾಟೆಯಾಯಿತು. 2016ರಲ್ಲಿ ಪಾಲ್ ಬೀಟಿ, 2017ರಲ್ಲಿ ಜಾರ್ಜ್ ಸಾಂಡರ್ಸ್ ಗೆದ್ದಾಗ ಭಯ ಜಾಸ್ತಿಯಾಯಿತು. ಮೊದಲು ಗೆದ್ದ ಬೀಟಿ ಅವರ ಕಾದಂಬರಿಯನ್ನು ಬ್ರಿಟನ್ನಿನ 18 ಪ್ರಕಾಶಕರು ಬೇಡ ಎಂದಿದ್ದರು! ಕೊನೆಗೆ ತೆಗೆದುಕೊಂಡದ್ದು ಒನ್‌ವರ್ಲ್ಡ್ ಎಂಬ ಚಿಕ್ಕ ಪ್ರಕಾಶನ. ಅಮೆರಿಕದವರು ಎಂಬ ಒಂದೇ ಕಾರಣಕ್ಕೆ ದಾರಿ ಸಲೀಸು ಎಂದುಕೊಳ್ಳುವುದು ತಪ್ಪು ಅಲ್ವಾ?

ಇದೆಲ್ಲ ನಮಗೆ ಅರ್ಥವಾಗದ ಸಂಗತಿಯೂ ಅಲ್ಲ. ಎವರೆಟ್ ಅವರ ಸುದ್ದಿ ಬಂದು ಎರಡು ವಾರಕ್ಕೆ, ಮೇ 20ರಂದು, ಲಂಡನ್ನಿನಲ್ಲಿ ಬಾನು ಮುಷ್ತಾಕ್ ಅವರಿಗೆ ಇಂಟರ್‌ನ್ಯಾಷನಲ್ ಬುಕರ್ ಬಂತು. ಕನ್ನಡಕ್ಕೆ ಮೊದಲ ಸಲ. ಹನ್ನೆರಡು ಕಥೆಗಳು, ಮೂವತ್ತು ವರ್ಷಕ್ಕೂ ಜಾಸ್ತಿ ಅವಧಿಯಲ್ಲಿ ಬರೆದವು. ಮಡಿಕೇರಿಯ ದೀಪಾ ಭಾಸ್ತಿ ಅವನ್ನು ಇಂಗ್ಲಿಷಿಗೆ ತಂದರು. ಪ್ರಕಟಿಸಿದ್ದು ಶೆಫೀಲ್ಡ್‌ನ ಒಂದು ಸಣ್ಣ ಪ್ರಕಾಶನ. 50,000 ಪೌಂಡ್ ಬಹುಮಾನವನ್ನು ಲೇಖಕಿಗೂ ಅನುವಾದಕಿಗೂ ಸಮನಾಗಿ ಹಂಚುತ್ತಾರೆ. ಆ ದಿನ ನಿಮ್ಮ ಪತ್ರಿಕೆ ಪುಟಗಟ್ಟಲೆ ಬರೆಯಿತು, ಅನುವಾದಕಿಯ ಕೆಲಸವನ್ನೂ ಬಿಡಿಸಿ ಹೇಳಿತು. ಓದಿ ನನ್ನ ಕಣ್ಣು ತುಂಬಿತ್ತು. ಅದರಲ್ಲಿ ಕಾಲುಭಾಗ ಜಾಗ ಹೊರಗಿನವರ ಪುಸ್ತಕಕ್ಕೂ ಕೊಡಿ ಎಂದು ಕೇಳುತ್ತಿದ್ದೇನೆ.

ಹೊರಗಿನವರು ಎಂದ ಕೂಡಲೇ ವಿಜಯ್ ಶೇಷಾದ್ರಿ ನೆನಪಾದರು. 2014ರ ಕವಿತೆಯ ಪುಲಿಟ್ಜರ್ ಅವರಿಗೆ. ಹುಟ್ಟಿದ್ದು ಬೆಂಗಳೂರಿನಲ್ಲಿ, ಐದನೇ ವಯಸ್ಸಿಗೆ ಅಮೆರಿಕಕ್ಕೆ ಹೋದವರು. 'ಬೆಂಗಳೂರು ಮೂಲದ' ಎಂದು ನಾವೆಲ್ಲ ಹೆಮ್ಮೆಪಟ್ಟೆವು. ಅವರ ಒಂದು ಕವಿತೆಯನ್ನು ಆ ವಾರ ಕನ್ನಡದಲ್ಲಿ ಓದಿದ ನೆನಪು ನನಗಿಲ್ಲ.

ನಾನು ಕೇಳುವುದು ಜಾಸ್ತಿ ಏನಲ್ಲ. ಪುಲಿಟ್ಜರ್ ಸುದ್ದಿ ಬಂದಾಗ, ಅಕ್ಟೋಬರ್‌ನಲ್ಲಿ ನೊಬೆಲ್ ಬಂದಾಗ, ಭಾನುವಾರದ ಪುರವಣಿಯಲ್ಲಿ ಅರ್ಧ ಪುಟ ಎತ್ತಿಡಿ. ಕಥೆ ಏನು ಎಂದು ಹೇಳಿ. ಮೊದಲು ಯಾರು ಬೇಡವೆಂದರು, ಆಮೇಲೆ ಯಾರು ಅಚ್ಚು ಹಾಕಿದರು ಎಂದು ಹೇಳಿ. ಅನುಮತಿ ಸಿಕ್ಕರೆ ಒಂದು ಪ್ಯಾರಾ ಕನ್ನಡ ಮಾಡಿಸಿ ಹಾಕಿ, ಅನುವಾದ ಮಾಡಿದವರ ಹೆಸರು ಕೆಳಗಿರಲಿ. ನಮ್ಮಲ್ಲಿ ಮಾಡುವವರಿಗೆ ಬರವಿಲ್ಲ, ಕೇಳುವವರು ಬೇಕು.

ಆ ಹುಡುಗಿಯ ವಿಷಯ ಪೂರ್ತಿ ಹೇಳಲಿಲ್ಲ. 'ಜೇಮ್ಸ್' ನಮ್ಮ ಕಪಾಟಿನಲ್ಲಿ ಇರಲಿಲ್ಲ. ಅಂಚೆಯಲ್ಲಿ ತರಿಸಿ ಕೊಟ್ಟೆ. ಮಾರ್ಕ್ ಟ್ವೈನ್ ಅವರ 'ಹಕಲ್‌ಬರಿ ಫಿನ್' ಕಥೆಯನ್ನೇ ಅದರಲ್ಲಿರುವ ಗುಲಾಮ ಜಿಮ್ ತಾನೇ ಹೇಳುವ ಕಾದಂಬರಿ ಅದು. ಬಿಳಿಯರ ಮುಂದೆ ಗುಲಾಮರು ಮುರುಕು ಮಾತಾಡುತ್ತಾರೆ, ತಮ್ಮ ತಮ್ಮಲ್ಲಿ ಇದ್ದಾಗ ಚೊಕ್ಕ ಭಾಷೆ. ಒಡೆಯರಿಗೆ ಅನುಮಾನ ಬರದಂತೆ ಮುರುಕಾಗಿ ಮಾತಾಡುವುದನ್ನು ಜಿಮ್ ಮಕ್ಕಳಿಗೆ ಪಾಠ ಮಾಡಿ ಕಲಿಸುತ್ತಾನೆ. ಅವಳು ಆ ಪಾಠದ ಭಾಗವನ್ನು ನೋಟ್‌ಬುಕ್ಕಿನಲ್ಲಿ ಕನ್ನಡ ಮಾಡಲು ಕೂತಿದ್ದಾಳೆ. ಎರಡು ಥರ ಬರೆದಿದ್ದಾಳೆ, ಎರಡನ್ನೂ ಹೊಡೆದುಹಾಕಿದ್ದಾಳೆ. "ಒಡೆಯರ ಮುಂದೆ ಆಡುವ ಮಾತಿಗೆ ಯಾವ ಊರಿನ ಕನ್ನಡ ಹಾಕಿದರೂ ಆ ಊರಿನವರನ್ನ ಕೀಳು ಮಾಡಿದ ಹಾಗಾಗುತ್ತಲ್ಲ ಸರ್, ಏನು ಮಾಡಲಿ?" ಎಂದು ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಮ್ಮ ಓದುಗರಲ್ಲಿ ಅನುವಾದ ಮಾಡಿದವರು ಎಷ್ಟೋ ಜನ ಇದ್ದಾರೆ. ಅವರಲ್ಲಿ ಯಾರಾದರೂ ಈ ಅಂಕಣದಲ್ಲೇ ಉತ್ತರ ಬರೆದರೆ ಕತ್ತರಿಸಿ ಅವಳಿಗೆ ತಲುಪಿಸುತ್ತೇನೆ.

ಇಂತಿ ನಿಮ್ಮ ಓದುಗ,
ನಿವೃತ್ತ ಗ್ರಂಥಪಾಲಕ, ಸಾಗರ